ಗಂಡನ ಹಳ್ಳು, ನನ್ನ ಹಿಟ್ಟು

ನನ್ನ ಅತ್ತಿ ಸತ್ತು ಭಾಳ ವರ್ಷ ಆತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರ. ನಾ ಆಡ್ತೇನಿ. ಬದುಕಿದ್ದಾಗ ಆಕಿ ನನ್ನ ಬಗ್ಗೆ ಒಂದರ ಛಲೋ ಮಾತು ಆಡಿದ್ರ ನಾನೂ ಇವತ್ತು ಬಾಯಿ ಮುಚ್ಚಿಕೊಂಡು ಕುಂಡ್ರುತಿದ್ದೆ.

ನಿಜಾಮಶಾಹಿ ಮುಗಿಯಾಕ ಬಂದಿದ್ದ ಕಾಲ ಅದು. ನನ್ನನ್ನ ಬಳಿಚಕ್ರದಿಂದ ಶಹಾಪುರಕ್ಕ ಕೊಟ್ಟಿದ್ರು. ಮನ್ಯಾಗ ಅತ್ತಿ, ನನ್ನ ಗಂಡ, ಮೈದುನ, ನಾನು, ಇಷ್ಟ ಮಂದಿ. ಮಾವ ನಾ ಬರೂದಕ್ಕಿಂತ ಮೊದಲ ತೀರಿಕೊಂಡಿದ್ದ. ಮೈದುನ ಹೊಲ ನೋಡಿಕೊಂಡಿದ್ದ. ಗಂಡ ಹತ್ತಿ ಜಿನ್ನಿನ್ಯಾಗ ತೂಕದ ಗುಮಾಸ್ತ. ಮುಂಜಾನೆ ಲಿಂಗಪೂಜಿ ಮಾಡಿಕೊಂಡು, ರೊಟ್ಟಿ ತಿಂದು, ಒಂದು ತಂಬಿಗಿ ನೀರು ಕುಡದು ಹೋದ್ರ ಹೊತ್ತು ಮುಳುಗಿದ ಮ್ಯಾಲ ಬರ್ತಿದ್ದ. ನಡುವ ಒಂದು ಹನಿ ನೀರಿಲ್ಲ. ಸುಡೂ ಬ್ಯಾಸಗಿಯಾಗ, ತಗಡಿನ ಛಪ್ಪರದ ಕೆಳಗ, ಮೂಗಿನ ತುಂಬ ಹತ್ತಿ ಧೂಳು ತುಂಬಿಕೊಂಡು, ಒಂದು ಹನಿ ಇಲ್ಲ. ಮನಿಗೆ ಬಂದಾಗ ತುಟಿ ಒಡದು ರಕ್ತ ಜಿನುಗತಿತ್ತು. ಅತ್ತಿಗೆ ಅದನ್ನ ನೋಡಿದ್ರ ಹಿಗ್ಗು.

ಯಾಕಂದ್ರ ಅದು ಆಕಿ ಹರಕಿ. ಅವ ಕೂಸಿದ್ದಾಗ ವಾಂತಿ ಭೇದಿ ಹತ್ತಿ ಕಣ್ಣು ಮ್ಯಾಲ ಮಾಡಿದ್ದನಂತ. ಯಾರದೋ ಮನ್ಯಾಗ ನೀರು ಕುಡಿಸಿದ್ರು, ಅದಕ್ಕ ಹಿಂಗಾತು ಅಂತ ಅತ್ತಿ ಮಠಕ್ಕ ಹೋಗಿ ಬೇಡಿಕೊಂಡ್ಲು: ಈ ಕೂಸು ಉಳದ್ರ ಜೀವ ಇರೂತನ ಮನಿ ಬಾವಿ ನೀರು, ಅದೂ ಲಿಂಗಕ್ಕ ತೋರಿಸಿದ ನೀರು, ಅದರ ಹೊರತು ಬ್ಯಾರೆ ನೀರು ಮುಟ್ಟಸಂಗಿಲ್ಲ. ಕೂಸು ಉಳೀತು. ಹರಕಿ ಹೊತ್ತಾಕಿ ಆಕಿ, ನೀರಡಿಸಿ ಸಾಯಾಂವ ಅವ.

ನಮ್ಮ ತವರವರೂ ಲಿಂಗವಂತರೇ. ನಮ್ಮಪ್ಪ ಒಂದು ದಿನ ಪೂಜಿ ಬಿಟ್ಟಾಂವಲ್ಲ. ಆದ್ರ ಹೊಲದಾಗ ನೀರಡಿಕಿ ಆತಂದ್ರ ಕೊಳ್ಳಾಗಿನ ಲಿಂಗ ಮುಟ್ಟಿ 'ಶಿವಾ' ಅಂದು ಹಳ್ಳದ ನೀರು ಬೊಗಸಿಲೆ ಕುಡಿತಿದ್ದ. ನೀರಡಿಸಿದಾಂವನ ಮ್ಯಾಲ ಸಿಟ್ಟಾಗಾಂವ ದೇವರಲ್ಲ ಅಂತಿದ್ದ. ಈ ಮಾತು ಒಮ್ಮೆ ಅತ್ತಿ ಮುಂದ ಆಡಿದೆ. "ಅದಕ್ಕ ನಿಮ್ಮ ಮನಿ ಹಾಂಗ ಐತಿ," ಅಂದ್ಲು. ನನ್ನ ಹೆಸರು ಹಿಡಿದು ಆಕಿ ಎಂದೂ ಕರೀಲಿಲ್ಲ. ಏ ಬಳಿಚಕ್ರದಾಕಿ, ಅಷ್ಟ.

ಮನ್ಯಾಗಿಂದ ನೀರು ಒಯ್ಯಬಹುದಿತ್ತಲ್ಲ ಅಂತ ಕೇಳ್ತೀರಿ. ನಾನೂ ಕೇಳಿದ್ದೆ. ಒಮ್ಮೆ ತಾಮ್ರದ ತಂಬಿಗಿಯಾಗ ಕೊಟ್ಟು ಕಳಿಸಿದೆ. ಜಿನ್ನಿನ್ಯಾಗ ಹತ್ತಿ ಅಂಡಿಗಿ ಹೊರಾಂವ ಒಬ್ಬ ಎಡವಿ ತಂಬಿಗಿಗೆ ಕಾಲು ತಾಗಿಸಿದ. ನನ್ನ ಗಂಡ ಪೂರಾ ನೀರು ಚೆಲ್ಲಿ ಬಂದ. ಅತ್ತಿ ಆ ತಂಬಿಗಿ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳದು, ಮ್ಯಾಲ ಮಾಡದಾಗ ಇಟ್ಟುಬಿಟ್ಲು. ಅಲ್ಲಿಗೆ ಮುಗೀತು.

ಹಿಟ್ಟಿನಾಗ ಸಿಗೂ ಕಲ್ಲಿಗೂ ಮೂತ್ರದಾಗ ಆಗೂ ಕಲ್ಲಿಗೂ ನಮ್ಮ ಕಡೆ ಹಳ್ಳು ಅಂತಾರ. ಲಗ್ನ ಆದ ಮೂರನೇ ಬ್ಯಾಸಗಿಗೆ ನನ್ನ ಗಂಡಗ ಹಳ್ಳಿನ ಬ್ಯಾನಿ ಶುರು ಆತು. ಬೆನ್ನಿನ ಒಂದು ಮಗ್ಗಲದಾಗ ಹಿಡದು ತೊಡಿ ಸಂದಿಗೆ ಇಳೀತಿತ್ತು. ನೆಲಕ್ಕ ಬಿದ್ದು ಹೊಳ್ಳಾಡತಿದ್ದ, ಚಾಪಿ ಕಚ್ಚತಿದ್ದ. ಉಚ್ಚಿ ಕೆಂಪಗ ಬರ್ತಿತ್ತು. ಅಂಥ ಗಂಡಸು ಕೂಸಿನಂಗ ಅಳತಿದ್ದ. ಒಂದು ದಿನ ಜೋಳದ ನುಚ್ಚಿನಷ್ಟು ಒಂದು ಹಳ್ಳು ತಾನ ಬಿತ್ತು. ಅತ್ತಿ ಅದನ್ನ ಅಂಗೈಯಾಗ ಇಟಗೊಂಡು ಬಿಸಿಲಿಗೆ ಹಿಡದು ನೋಡಿದ್ಲು. ಆಮ್ಯಾಲ ನನ್ನ ನೋಡಿದ್ಲು.

"ಏನು ತಿನ್ನಿಸಿದಿ ನನ್ನ ಮಗಗ?" ಅಂದ್ಲು.

ಆ ಸುಗ್ಯಾಗ ಬೀಸುಕಲ್ಲು ನುಣ್ಣಗಾಗಿತ್ತಂತ ಕಲ್ಲುಕುಟಿಗರನ್ನ ಕರಸಿ ಉಳಿ ಹೊಡಸಿದ್ವಿ. ಹೊಸದಾಗಿ ಉಳಿ ಹೊಡದ ಕಲ್ಲಿನ ಮೊದಲ ಹಿಟ್ಟು ದನಕ್ಕ ಹಾಕಬೇಕು, ಅದರಾಗ ಕಲ್ಲಿನ ಪುಡಿ ಇರ್ತೈತಿ. ಇದು ಗೊತ್ತಿರಲಾರದ ಹೆಣ್ಣು ಯಾವಾಕಿ? ನಾ ಎರಡು ಸಲ ಬೀಸಿದ ಹಿಟ್ಟು ಎಮ್ಮಿಗೆ ಹಾಕಿದ್ದೆ. ಅತ್ತಿ ಕಣ್ಣಾರೆ ನೋಡಿದ್ಲು. ನೋಡಿದಾಕಿನ ಓಣಿ ತುಂಬ ಹೇಳಿಕೋತ ಹೊಂಟ್ಲು: ಬಳಿಚಕ್ರದಾಕಿ ಹಳ್ಳಿನ ಹಿಟ್ಟು ತಿನ್ನಿಸಿ ನನ್ನ ಮಗನ ಹೊಟ್ಟಿ ತುಂಬ ಹಳ್ಳು ಮಾಡ್ಯಾಳ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ, ಹಾಂಗಾತು.

ಆವಾಗಿಂದ ದಿನಾ ಒಂದು ಆಟ. ನಾ ಹಿಟ್ಟು ಸಾಣಿಸಿ ಇಟ್ರ ಆಕಿ ಬಂದು ಚಿಮುಟಿ ತಗೊಂಡು ಹಲ್ಲಾಗ ಹಾಕಿ ಕಡೀತಿದ್ಲು. "ಕಟಕ್ ಅಂತು" ಅಂತಿದ್ಲು. ನಾನೂ ಕಡದು ನೋಡತಿದ್ದೆ, ಏನೂ ಇಲ್ಲ. ಮತ್ತ ಸಾಣಿಸು. ಮತ್ತ ಕಟಕ್. ಆಕಿ ಬಾಯಾಗ ಇದ್ದದ್ದ ಹುಳುಕ ಹಲ್ಲು, ಕಟಕ್ ಅನ್ನಲಾರದ ಏನಾದೀತು! ಮೈದುನ ನಕ್ಕ ಅಂತ ಅವಗೂ ಬೈದ್ಲು. ಕಡೀಕ ಒಂದು ಮಾತು ಖಡಾಖಂಡಿತ ಹೇಳಿದ್ಲು: "ಇನ್ನೊಮ್ಮೆ ನನ್ನ ಮಗಗ ಬ್ಯಾನಿ ಬಂತೋ, ನಿಮ್ಮಪ್ಪನ್ನ ಕರಸಿ ನಿನ್ನ ಅಟ್ಟತೇನಿ. ಸುರಪುರದಾಗ ನಮ್ಮಣ್ಣನ ಮಗಳದಾಳ, ತಂದು ಮಾಡ್ತೇನಿ." ನನಗ ಇನ್ನೂ ಮಕ್ಕಳಾಗಿದ್ದಿಲ್ಲ. ಅಟ್ಟಿದ್ರ ತಡಿಯವರು ಯಾರು? ಅವತ್ತಿಂದ ಅವ "ಬೆನ್ನು" ಅಂದ್ರ ಸಾಕು, ನಾ ಸಾಣಿಸಿಟ್ಟ ಹಿಟ್ಟು ಮತ್ತೊಮ್ಮೆ ಸಾಣಿಸಾಕ ಕುಂಡ್ರತಿದ್ದೆ.

ಅಷ್ಟರಾಗ ಹೈದರಾಬಾದಿನಿಂದ ಒಬ್ಬ ಡಾಕ್ಟರ ಬಂದ. ಯಾದಗಿರಿ, ಶಹಾಪುರ, ಸುರಪುರ, ಈ ಕಡೆ ಮಂದಿಗೆ ಹಳ್ಳು ಯಾಕ ಆಗ್ತಾವ ಅಂತ ಹುಡುಕಾಕ ಸರಕಾರ ಕಳಿಸೈತಂತ. ದವಾಖಾನಿಗೆ ಬ್ಯಾನಿ ಅಂತ ಹೋಗಿದ್ದವರ ಮನಿ ಮನಿಗೂ ಕಂಪೌಂಡರನ್ನ ಕರಕೊಂಡು ಬರ್ತಿದ್ದ. ಡಾಕ್ಟರ ಆಡೂದು ಉರ್ದು, ಕಂಪೌಂಡರ ಅದನ್ನ ಕನ್ನಡದಾಗ ಹೇಳಾಂವ. ನಮ್ಮ ಮನಿಗೂ ಬಂದ. ಬಿಳೀ ಪಾಯಜಾಮ, ಕರೀ ಶೇರವಾನಿ, ಮಾರಿ ಮ್ಯಾಲ ಹೊಲಸು ತುಳದವರ ಹಂಗ ಒಂದು ಮುರಕ. ಅತ್ತಿ ಪಡಸಾಲ್ಯಾಗ ಕಂಬಳಿ ಹಾಸಿದ್ಲು, ಅವ ಅದರ ಮ್ಯಾಲ ಕುಂಡ್ರಲಿಲ್ಲ, ನಿಂತ ಕೇಳಿದ.

ಬಾಟ್ಲಿ ಕೊಟ್ಟು, ಅದರಾಗ ಉಚ್ಚಿ ಹಿಡದು ಕೊಡ್ರಿ ಅಂದಾಗ ಅತ್ತಿ ಸೆರಗು ಬಾಯಿಗಿಟಗೊಂಡ್ಲು. "ಯವ್ವಾ! ಕಂದಾಯ ಕೊಟ್ಟೇವಿ, ಲೆವಿ ಜ್ವಾಳ ಕೊಟ್ಟೇವಿ, ಇನ್ನ ಉಚ್ಚೀನೂ ಕೊಡಬೇಕೇನು ಸರಕಾರಕ್ಕ?" ಅಂದ್ಲು. ಈ ಒಂದು ಮಾತಿಗೆ ಮಾತ್ರ ನಾನೂ ಅಡಗಿಮನಿ ಬಾಗಲ ಹಿಂದ ನಿಂತು ನಕ್ಕೆ. ಕಂಪೌಂಡರ ಅದನ್ನ ಡಾಕ್ಟರಗ ಹೇಳಲಿಲ್ಲ.

ಡಾಕ್ಟರ ಕೇಳಿದ್ದು ಒಂದಲ್ಲ ಎರಡಲ್ಲ. ಬಾವಿ ನೀರು ಸಿಹೀನೋ ಸವಳೋ, ಉಪ್ಪು ಎಷ್ಟು ತಿಂತೀರಿ, ಪುಂಡಿಪಲ್ಯ ವಾರದಾಗ ಎಷ್ಟು ದಿನ, ಎಲಿ ಅಡಕಿಗೆ ಸುಣ್ಣ ಹಚ್ಚತೀರೇನು, ಅವರಪ್ಪಗ ಈ ಬ್ಯಾನಿ ಇತ್ತೇನು. ಅತ್ತಿ ಎಲ್ಲಕ್ಕೂ ಅರ್ಧ ಉತ್ತರ ಕೊಟ್ಟು, ತಾಟಿನ್ಯಾಗ ಮೊದಲ ತಗದಿಟ್ಟಿದ್ದ ಹಿಟ್ಟು ತಂದು ಅವನ ಮುಂದ ಹಿಡದ್ಲು. "ಅದೆಲ್ಲಾ ಬಿಡ್ರಿ ಸಾಹೇಬ, ಇದನ್ನ ನೋಡ್ರಿ. ನನ್ನ ಸೊಸಿ ಹಿಟ್ಟು. ಹಳ್ಳೋ ಹಳ್ಳು." ಅವ ಒಂದು ಚಿಮುಟಿ ಬೆರಳಾಗ ತಿಕ್ಕಿ ನೋಡಿ, ಕಾಗದದಾಗ ಕಟ್ಟಿ ಚೀಲದಾಗ ಹಾಕಿದ. ಅತ್ತಿ ಬಾಗಲ ಕಡೆ ತಿರುಗಿ ನನ್ನ ನೋಡಿದ್ಲು. ಆ ಮಾರ್ಯಾಗಿನ ಸಂತೋಷ ನೋಡಿದ್ರ ಆಕಿ ಮಗಗ ಹಳ್ಳಾಗಿದ್ದಕ್ಕ ದುಃಖ ಐತೋ ಹಬ್ಬ ಐತೋ ಅನ್ನಬೇಕು.

ಆಮ್ಯಾಲ ಡಾಕ್ಟರ ನನ್ನ ಮೈದುನನ್ನ ಕರೀರಿ ಅಂದ. ಅತ್ತಿಗೆ ಸಿಟ್ಟು ಬಂತು. "ಅವಗೇನೂ ಆಗಿಲ್ರಿ. ಬ್ಯಾನಿ ಇರಲಾರದವನ್ನ ಯಾಕ ಕೇಳ್ತೀರಿ?"

"ಬ್ಯಾನಿ ಇದ್ದವರನ್ನಷ್ಟ ಕೇಳಿದ್ರ ಯಾಕ ಬಂತು ಅನ್ನೂದು ಹ್ಯಾಂಗ ತಿಳೀಬೇಕು? ಅವನೂ ಇದ ಹಿಟ್ಟು ತಿಂತಾನೇನು?"

"ತಿಂತಾನ್ರಿ. ಇವನಕಿಂತ ಇಮ್ಮಡಿ ತಿಂತಾನ."

"ನೀರು?"

ಇಲ್ಲಿ ನನ್ನ ಅತ್ತಿ ಉಬ್ಬಿ ಹೋದ್ಲು. "ಅವಂದು ಕೇಳಬ್ಯಾಡ್ರಿ ಸಾಹೇಬ. ಭ್ರಷ್ಟ. ಹಳ್ಳ ಕಂಡ್ರ ಹಳ್ಳದ್ದು, ಬಾವಿ ಕಂಡ್ರ ಬಾವೀದು, ಎತ್ತಿನ ಬಾಜೂಕ ಬಾಯಿ ಹಚ್ಚಿ ಕುಡೀತಾನ. ನನ್ನ ಹಿರೇಮಗ ಹಾಂಗಲ್ಲ. ಮುಂಜಾನೆ ಹೋದ್ರ ಹೊತ್ತು ಮುಳುಗೂತನ ಹೊರಗಿನ ಹನಿ ಮುಟ್ಟಂಗಿಲ್ಲ. ಬೆಂಕಿಯಂಥ ಬಿಸಿಲಿರಲಿ, ಮುಟ್ಟಂಗಿಲ್ಲ. ಬ್ಯಾಸಗ್ಯಾಗ ಅಂತೂ ದಿನಕ್ಕ ಒಮ್ಮೆ ಉಚ್ಚಿಗೆ ಹೋದ್ರ ಹೆಚ್ಚು. ಅಂಥ ನೇಮ ಅವಂದು!"

ಕಂಪೌಂಡರ ಅದನ್ನ ಹೇಳಿದಾಗ ಡಾಕ್ಟರ ಬರಿಯೂದು ಬಿಟ್ಟು ತಲಿ ಎತ್ತಿದ. ಮತ್ತೊಮ್ಮೆ ಕೇಳು ಅಂದ. ಅತ್ತಿ ಮತ್ತೊಮ್ಮೆ ಇನ್ನೂ ಹೆಚ್ಚಿಗಿ ಹೇಳಿದ್ಲು. ಅವ ಅದನ್ನೂ ಬರಕೊಂಡ. ನಾಳೆ ಇಬ್ಬರದೂ ಬಾಟ್ಲಿ ದವಾಖಾನಿಗೆ ತರ್ರಿ ಅಂದು ಹೋದ.

ಜಿನ್ನಿನ ಗುಮಾಸ್ತ ಉಚ್ಚಿ ಬಾಟ್ಲಿ ಹಿಡಕೊಂಡು ಬಜಾರದಾಗ ಹೋಗ್ತಾನೇನು? ಮಾನ ಹೋಗ್ತೈತಿ. ಹೆಂಡತಿದು ಮಾನ ಅಲ್ಲ, ಅದಕ್ಕ ಅವ ಮುಂದ ಹೋದ, ನಾ ಬಾಟ್ಲಿ ಸೆರಗಿನ್ಯಾಗ ಮುಚ್ಚಿಕೊಂಡು ಹಿಂದಿಂದ ಹೋದೆ. ದವಾಖಾನ್ಯಾಗ ಡಾಕ್ಟರ ಎರಡೂ ಬಾಟ್ಲಿ ಕಿಟಕ್ಯಾಗ ಜೋಡಿಸಿ ಇಟ್ಟ. ಮೈದುನಂದು ನೀರಿನಂಗ ತಿಳಿ. ನನ್ನ ಗಂಡಂದು ಕಾಸಿದ ಬೆಲ್ಲದ ನೀರಿನಂಗ ಕಂದು, ತಳದಾಗ ಗಸಿ.

"ನೋಡು," ಅಂದ ಕಂಪೌಂಡರನ ಬಾಯಿಲೆ. "ಒಂದ ಮನಿ, ಒಂದ ಬಾವಿ, ಒಂದ ಹಿಟ್ಟು. ಹಿಟ್ಟಿನಾಗಿನ ಕಲ್ಲು ಹೊಟ್ಟ್ಯಾಗ ಹೋಗಿ ಹಾಂಗ ಹೊರಗ ಹೋಗ್ತೈತಿ, ಮೂತ್ರದ ದಾರಿಗೆ ಬರಂಗಿಲ್ಲ. ಕಾರಣ ಇದೊಂದ ಅಂತ ನಾ ಆಣಿ ಮಾಡಂಗಿಲ್ಲ, ಇನ್ನೂ ಹುಡುಕಾಕತ್ತೇನಿ. ಆದ್ರ ಮೂರೂ ಊರಾಗ ನಾ ನೋಡಿದ್ದು ಇದ: ಬಿಸಿಲಾಗ ಬೆವರು ಸುರಿಸಿ ನೀರು ಕುಡಿಯಲಾರದವರಿಗೆ ಹಳ್ಳು ಹೆಚ್ಚು. ನಿಂದು ಹೊರಗ ಹೋಗಬೇಕಾದ್ದು ಒಳಗ ಕೂತು ಗಟ್ಟಿ ಆಗಾಕತ್ತೈತಿ. ದಿನಾಲು ಹೊಟ್ಟಿ ತುಂಬ ನೀರು ಕುಡಿ. ಇಲ್ಲಂದ್ರ ಬ್ಯಾನಿ ಬಿಡಂಗಿಲ್ಲ, ಮುಂದ ಮೂತ್ರಪಿಂಡನ ಕೆಡ್ತಾವ."

ನನಗ ಅವನ ಕಾಲಿಗೆ ಬೀಳಬೇಕನಿಸ್ತು. ಬಾಗಲದಾಗ ನಿಂತ ಹೇಳಿದೆ, "ಸಾಹೇಬ್ರ, ಈ ಮಾತು ಒಂದು ಸಲ ನಮ್ಮ ಮನಿಗೆ ಬಂದು ನಮ್ಮತ್ತಿ ಮುಂದ ಹೇಳ್ರಿ. ನಿಮ್ಮ ಪುಣ್ಯ."

ಅವ ನನ್ನ ಕಡೆ ನೋಡಲೂ ಇಲ್ಲ. ಕಂಪೌಂಡರಗ ಏನೋ ಅಂದ. ಕಂಪೌಂಡರ ನೆಲ ನೋಡಿಕೋತ ಹೇಳಿದ, "ಸಾಹೇಬ್ರು ಹಳ್ಳಿನ ಕಾರಣ ಹುಡುಕಾಕ ಬಂದಾರ್ರಿ ಯವ್ವ, ಅತ್ತಿ ಸೊಸಿ ಜಗಳ ಬಿಡಸಾಕ ಅಲ್ಲಂತ." ಆ ದಿನಾನ ಅವ ಪೆಟಗಿ ಬಾಟ್ಲಿ ಕಟಗೊಂಡು ಸುರಪುರದ ದಾರಿ ಹಿಡದ. ನನ್ನ ಸಂಸಾರದಾಗಿನ ಹಳ್ಳು ಹಿಡದು ತೋರಿಸಿ, ತಗೀಲಾರದ ಹೋದ. ಅವನ ಓದಿಗಿಷ್ಟು ಬೆಂಕಿ ಹಚ್ಚ!

ಬರೂ ದಾರ್ಯಾಗ ಒಂದು ತ್ವಾಟದ ಬಾವಿ ಇತ್ತು. ಎತ್ತು ಹೂಡಿ ನೀರು ಎತ್ತಾಕತ್ತಿದ್ರು, ನೀರು ದಬದಬ ಅಂತ ತೊಟ್ಟಿಗೆ ಬೀಳಾಕತ್ತಿತ್ತು. ನನ್ನ ಗಂಡ ನಿಂತ. ಆ ಕಡೆ ಈ ಕಡೆ ನೋಡಿದ. ಎತ್ತು ಹೊಡಿಯಾಂವ ನಮ್ಮ ಗುರ್ತಿನವ ಅಲ್ಲ.

"ಕುಡೀರಿ," ಅಂದೆ. "ಯಾರಿಗೂ ಹೇಳಂಗಿಲ್ಲ."

ಕೊಳ್ಳಾಗಿನ ಲಿಂಗ ಕೈಯಾಗ ಹಿಡದು ಕಣ್ಣಿಗೆ ಒತ್ತಿಕೊಂಡ. ಆಮ್ಯಾಲ ಕುಂತು ಬೊಗಸಿ ಒಡ್ಡಿದ. ಕುಡದ, ಕುಡದ, ಅಂಗಿ ಎದಿ ಪೂರಾ ತೊಯ್ಯೂತನ ಕುಡದ. ಉಸಿರು ಬಿಡಾಕ ತಲಿ ಎತ್ತಿ ನಕ್ಕ. "ತಣ್ಣಗೈತಿ," ಅಂದ. ಮೂರು ವರ್ಷದ ಸಂಸಾರದಾಗ ಅವ ಹಾಂಗ ಹಲ್ಲು ಬಿಟ್ಟು ನಕ್ಕಿದ್ದು ನಾ ನೋಡಿದ್ದಿಲ್ಲ. ನನಗ ಅವನ ಮ್ಯಾಲ ಭಾಳ ಜೀವ ಬಂತು. ಇಲ್ಲಂತ ಯಾಕ ಹೇಳ್ಳಿ, ಬಂತು.

"ಅವ್ವಗ ನಾನ ಹೇಳ್ತೇನಿ. ನೀ ಬಾಯಿ ಹಾಕಬ್ಯಾಡ. ಹೊತ್ತು ನೋಡಿ ಹೇಳ್ತೇನಿ," ಅಂದ. ನಾ ಹೂಂ ಅಂದೆ.

ಹೊತ್ತು ಬರಲೇ ಇಲ್ಲ. ಉಂಡು ಕುಂತಾಗ ಅತ್ತಿ "ಏನಂದ ಡಾಕ್ಟರ?" ಅಂದ್ರ "ಔಷಧ ಕಳಿಸ್ತಾರಂತ" ಅಂದು ಎದ್ದು ಹೋಗತಿದ್ದ. ಜಿನ್ನಿಗೆ ಹೋದಾಗಲೂ ಮತ್ತ ಒಣ ಬಾಯಿ. ಅಲ್ಲಿ ಎಲ್ಲಾರೂ ಗುರ್ತಿನವರು, ಕುಡದದ್ದು ಮನಿಗೆ ಮುಟ್ಟತೈತಿ ಅಂತ ಅಂಜಿಕಿ. ಒಳಗಿದ್ದ ಹಳ್ಳು ಒಂದಿನದ ನೀರಿಗೆ ಕರಗ್ತಾವೇನು? ಬ್ಯಾನಿ ಮತ್ತ ಬಂತು. ಅವ ಇನ್ನೂ ಚಾಪಿ ಮ್ಯಾಲ ಹೊಳ್ಳಾಡಾಕತ್ತಿದ್ದಾಗನ ಅತ್ತಿ ಬಳಿಚಕ್ರಕ್ಕ ಆಳು ಕಳಿಸಿದ್ಲು.

ನಮ್ಮಪ್ಪ ಭೀಮಾ ಹೊಳಿ ದಾಟಿ ಬಂದ. ಓಣಿ ಹಿರಿಯರು ನಮ್ಮ ಪಡಸಾಲ್ಯಾಗ ಕುಂತ್ರು. ಅತ್ತಿ ಆ ಹಳ್ಳು ತಂದು ನಡುವ ಇಟ್ಲು, ಬಾಜೂಕ ಹಿಟ್ಟಿನ ತಾಟು ಇಟ್ಲು. ಇನ್ನೇನು ಸಾಕ್ಷಿ ಬೇಕು? ನಮ್ಮಪ್ಪ ಹಿಟ್ಟು ಬಾಯಾಗ ಹಾಕಿಕೊಂಡ. "ನನ್ನ ಮಗಳ ಹಿಟ್ಟಿನಾಗ ಏನೂ ಇಲ್ರಿ," ಅಂದ. ತಂದಿ ಮಾತು ಯಾರು ಕೇಳ್ತಾರ? ಮೈದುನನ ಕಡೆ ನೋಡಿದೆ, ಅವ ಎತ್ತಿಗೆ ಹೊಟ್ಟು ಹಾಕಬೇಕಂತ ಎದ್ದು ಹೋದ. ಹಿರಿಯರಾಗ ಒಬ್ಬ ಸಮಾಧಾನದಾಂವ ಇದ್ದ. ಅವ ನನ್ನ ಗಂಡಗ ಕೇಳಿದ, "ಅಲ್ಲಪ್ಪಾ, ನಿನ್ನ ಹೈದರಾಬಾದಿನ ಡಾಕ್ಟರ ನೋಡ್ಯಾನಲ್ಲ, ಅವ ಏನಂದ? ಅದನ್ನ ಹೇಳು, ಫೈಸಲಾ ಮುಗೀತು."

ನನಗ ಜೀವ ಬಂದಂಗಾತು. ಬಾಗಲದ ಚೌಕಟ್ಟು ಹಿಡಕೊಂಡು ಅವನ ಬಾಯಿ ನೋಡಿದೆ. ಅವ ನನ್ನ ನೋಡಲಿಲ್ಲ. ಅವ್ವನ್ನ ನೋಡಿದ. ಆಕಿ ಕಣ್ಣು ರೆಪ್ಪಿ ಹೊಡೀಲಾರದ ಅವನ್ನ ನೋಡಾಕತ್ತಿದ್ಲು.

"ಹಿಟ್ಟಿನಾಗ ಹಳ್ಳು ಐತಿ ಅಂದಾರ್ರಿ," ಅಂದ.

ನಾ ಹೊರಗ ಬಂದೆ. ಗಂಡಸರ ನಡುವ ಬಂದು ನಿಂತೆ. ಸೆರಗು ತಲಿ ಮ್ಯಾಲಿತ್ತೋ ಬಿದ್ದಿತ್ತೋ ಈಗೂ ನೆನಪಿಲ್ಲ. "ಸುಳ್ಳು!" ಅಂದೆ. "ನೀರು ಕುಡಿ, ನೀರಿಲ್ಲದ್ದಕ್ಕ ಹಳ್ಳಾಗ್ಯಾವ ಅಂದಾನ. ಎರಡು ಬಾಟ್ಲಿ ಜೋಡಿಸಿಟ್ಟು ತೋರಿಸ್ಯಾನ. ನಾ ಅಲ್ಲೇ ಇದ್ದೆ. ಉಪ್ಪು ತಿಂದಾಂವ ನೀರು ಕುಡೀಬೇಕು ಅಂತಾರ, ಈ ಮನ್ಯಾಗ ಅವ ತಿಂದ್ರ ನಾ ಕುಡೀಬೇಕೇನು? ಕೇಳ್ರಿ ಅವನ್ನ, ಬರೂ ದಾರ್ಯಾಗ ತ್ವಾಟದ ಬಾವ್ಯಾಗ ಬೊಗಸಿಲೆ ಕುಡದಾಂವ ಯಾರು?"

ಅತ್ತಿ ಮಾರಿಗೆ ಬೂದಿ ಬಡದಂಗಾತು. ಸಿಟ್ಟಲ್ಲ ಅದು. ವಿಷ ತಿಂದ ಕೂಸಿನ ಬಾಯಾಗ ಬೆರಳು ಹಾಕೂ ತಾಯಿ ಹಂಗ ಅವನ ಗದ್ದ ಹಿಡದ್ಲು. "ಕುಡದೀ ಏನೋ? ನನ್ನ ಮಗನ, ಕುಡದೀ ಏನು? ಹೇಳೋ!"

ಅವ ಕೊಳ್ಳಾಗಿನ ಲಿಂಗದ ಮ್ಯಾಲ ಕೈ ಇಟ್ಟ. "ಲಿಂಗದಾಣಿ, ಇಲ್ಲವ್ವ," ಅಂದ.

ಲಿಂಗ ಮುಟ್ಟಿ ಆಡಿದ ಮಾತಿನ ಮುಂದ ನನ್ನ ಮಾತು ಎಲ್ಲಿ ನಿಲ್ತೈತಿ? ಹಿರಿಯರು ಹೌದಂತ ಗೋಣು ಹಾಕಿದ್ರು. ಲಗ್ನ ಆದಾಗಿಂದ ನಾ ಅವಗ "ರೀ" ಬಿಟ್ಟು ಮಾತಾಡಿದ್ದಿಲ್ಲ. ಅವತ್ತು ಆಡಿದೆ.

"ನೀರು ಕುಡದ್ರ ಪಾಪ, ಆ ಲಿಂಗ ಹಿಡದು ಸುಳ್ಳು ಹೇಳಿದ್ರ ಪುಣ್ಯೇನೋ?" ಅಂದೆ. "ನೀ ಹಳ್ಳಿನಿಂದ ಸಾಯಂಗಿಲ್ಲ. ನಿಮ್ಮವ್ವನ ಅಂಜಿಕೀಲೆ ಸಾಯ್ತಿ. ಸಾಯಿ." ಅಪ್ಪಗ ಏಳು ಅಂದೆ. ಅವರು ಅಟ್ಟೂತನ ನಾ ಕಾಯಲಿಲ್ಲ.

ಬಳಿಚಕ್ರದಾಗ ನನ್ನ ಉಡಿಕಿ ಮಾಡಿಕೊಂಡು ಎರಡನೇ ಸಂಸಾರ ಹೂಡಾಕ ಕೇಳಿದವರಿದ್ರು. ಒಲ್ಲೆ ಅಂದೆ. ಅಪ್ಪನ ಹೊಲದಾಗ ದುಡದೆ. ರಜಾಕಾರರ ಗದ್ದಲ ಆತು, ಮುಗೀತು, ನಿಜಾಮ ಹೋದ, ನಾ ಕಳೆ ಕೀಳಾಕತ್ತಿದ್ದೆ. ಶಹಾಪುರದ ಸುದ್ದಿ ಯಾರರ ತಂದ್ರ ಬಾಗಲ ತೋರಿಸತಿದ್ದೆ. ಸುರಪುರದ ಅಣ್ಣನ ಮಗಳನ್ನ ತಂದು ಮಾಡಿದ್ರು ಅನ್ನೂದಷ್ಟು ಹ್ಯಾಂಗೋ ಕಿವಿಗೆ ಬಿತ್ತು.

ಒಂದಿನ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ನಮ್ಮ ಬಾಗಲದಾಗ ಬಂದು ನಿಂತ್ಲು. ಊರಾಗ ಯಾರದೋ ಲಗ್ನಕ್ಕ ಬಂದಾಕಿ, ಮನಿ ಕೇಳಿಕೋತ ಬಂದಿದ್ಲು. ಸೊರಗಿದ ಮಾರಿ, ನನಗಿಂತ ಭಾಳ ಸಣ್ಣಾಕಿ. ನನ್ನ ಜಾಗಕ್ಕ ತಂದ ಸುರಪುರದಾಕಿ ತಾನ ಅಂತ ಹೇಳಿದಾಗ ನನಗ ಮೈಯೆಲ್ಲ ಉರೀತು. ಹೊರಗ ನಡಿ ಅನ್ನಬೇಕಂದೆ. ಆಕಿ ಹೊಸ್ತಿಲ ಮ್ಯಾಲ ಕುಂತೇ ಬಿಟ್ಲು.

"ಅಕ್ಕಾ, ಒಂದು ಮಾತು ಕೇಳಬೇಕಿತ್ತು. ನೀ ಹಿಟ್ಟು ಹ್ಯಾಂಗ ಸಾಣಿಸ್ತಿದ್ದಿ?"

"ಏನಂದಿ?"

"ಅವ್ರಿಗೆ ಹಳ್ಳು ಹೋಗವಲ್ಲವು. ಬಿದ್ದಂಗೆಲ್ಲಾ ಮತ್ತ ಆಗ್ತಾವ. ಅತ್ತಿ ದಿನಾ ಅಂತಾಳ, ಬಳಿಚಕ್ರದಾಕಿ ಹಿಟ್ಟು ಹೂವಿನಂಗಿತ್ತು, ನಿಂದ ಬರೇ ಹಳ್ಳು. ನಮ್ಮಪ್ಪನ್ನ ಕರಸ್ತಾಳಂತ."

ನನ್ನ ಹಿಟ್ಟು ಹೂವಿನಂಗಿತ್ತಂತ! ಆ ಮುದುಕಿ ಎದುರಿಗಿದ್ರ ಆ ಹುಳುಕ ಹಲ್ಲು ಉದುರಿಸಿ ಬಿಡತಿದ್ದೆ. "ಹಿಟ್ಟಿನ ಮನಿ ಹಾಳಾಗ್ಲಿ," ಅಂದೆ. "ಅವಗ ನೀರು ಕುಡಿಸು. ಡಾಕ್ಟರ ನನ್ನ ಎದುರಿಗೆ ಹೇಳ್ಯಾನ." ಬಾಟ್ಲಿ, ಬಾವಿ, ಲಿಂಗದಾಣಿ, ಎಲ್ಲಾ ಒಂದ ಉಸಿರಿಗೆ ಒದರಿದೆ. ಇಷ್ಟು ವರ್ಷ ಎದ್ಯಾಗ ಇಟಗೊಂಡದ್ದು ಒಬ್ಬರಿಗಾದ್ರೂ ಉಪಯೋಗ ಬೀಳಲಿ ಅನ್ನೂ ಆಸೆ.

ಆಕಿ ತಲಿ ಬಗ್ಗಿಸಿ ಪೂರಾ ಕೇಳಿದ್ಲು. ಬೆಚ್ಚಿ ಬೀಳಲಿಲ್ಲ.

"ಗೊತ್ತೈತಕ್ಕ," ಅಂದ್ಲು. "ಲಗ್ನ ಆದ ವರ್ಷನ ಅವ್ರ ನನಗ ಹೇಳ್ಯಾರ. ನಿಂದೇನೂ ತಪ್ಪಿದ್ದಿಲ್ಲಂತ. ಬಾವಿ ನೀರು ಕುಡದದ್ದೂ ಹೇಳ್ಯಾರ. ಅತ್ತಿ ಮುಂದ ಮಾತ್ರ ಬಾಯಿ ಬಿಡಬ್ಯಾಡ ಅಂದಾರ."

"ಮತ್ತ ಅಲ್ಲಿ ಯಾಕದಿ? ಬಿಟ್ಟು ಬಾ," ಅಂದೆ.

"ನನಗ ಎರಡು ಮಕ್ಕಳದಾವಕ್ಕ," ಅಂದ್ಲು. "ನೀ ಬಂದಂಗ ನಾ ಎಲ್ಲಿ ಬರಲಿ? ಹಿಟ್ಟು ಹ್ಯಾಂಗ ಸಾಣಿಸಬೇಕು, ಅಷ್ಟು ತೋರಿಸು."

ಒಳಗ ಹೋಗಿ ಜ್ವಾಳದ ಹಿಟ್ಟು, ಸಾಣಗಿ ತಂದೆ. ಆಕಿ ಬಾಜೂಕ ಕುಂತು ಸಾಣಿಸಿ ತೋರಿಸಿದೆ.